ಫೈಲ್ ತೆರೆಯುತ್ತದೆ, ಒಳಗೆ ಏನೂ ಕಾಣುವುದಿಲ್ಲ: ಏನು ಮಾಡಬೇಕು?



ಇತ್ತೀಚೆಗೆ ಊರು ಪ್ರತಿನಿಧಿಗಳಿಂದ ಒಂದೇ ಬಗೆಯ ಫೋನ್ ಕರೆಗಳು ಬರುತ್ತಿವೆ. "ನೀವು ಕಳಿಸಿದ ಪಟ್ಟಿ ತೆರೆಯಿತು ಸಾರ್, ಆದರೆ ಒಳಗೆ ಏನೂ ಇಲ್ಲ." ತೇನಿಯಿಂದ ಬಂತು, ಚಿನ್ನಮನೂರಿನಿಂದ ಬಂತು, ದಿಂಡಿಗಲ್‌ನಿಂದಲೂ ಬಂತು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಪರಿಣತನಲ್ಲ, ನಿವೃತ್ತ ಗುಮಾಸ್ತ. ಕಡತ ಕಾಣೆಯಾದರೆ ಮೊದಲು ಎಲ್ಲಿ ಹುಡುಕಬೇಕು, ಆಮೇಲೆ ಎಲ್ಲಿ ಹುಡುಕಬೇಕು ಎಂಬ ಕ್ರಮವನ್ನು ಕಚೇರಿಯೇ ಕಲಿಸಿತು. ಕಂಪ್ಯೂಟರಿಗೂ ಅದೇ ಕ್ರಮ ಸಾಕಾಗುತ್ತದೆ.

ನಮಗೆ ಈ ಪಟ್ಟಿ ಏಕೆ ಮುಖ್ಯ

ಬೆಂಗಳೂರಿನ ಸಂಘಕ್ಕೆ ಸದಸ್ಯರ ಪಟ್ಟಿ ಎಂದರೆ ಚಂದಾ ಲೆಕ್ಕ, ಅಷ್ಟೇ. ನಮಗೆ ಹಾಗಲ್ಲ. ಕಂಬಂ ಕಣಿವೆಯ ಕಪ್ಪಿಲಿಯರು, ಬೋಡಿ ಮತ್ತು ಚಿನ್ನಾಳಪಟ್ಟಿ ಕಡೆಯ ದೇವಾಂಗರು, ಅನುಪ್ಪರು ತಲೆಮಾರುಗಳಿಂದ ಇಲ್ಲಿಯವರೇ ಆಗಿ ಬದುಕಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಮಾತು ಉಳಿದಿದೆ, ಅಕ್ಷರ ಉಳಿದಿಲ್ಲ. ಅಜ್ಜಿ ಆಡುವ ಕನ್ನಡವನ್ನು ಮೊಮ್ಮಗ ಬರೆಯಬೇಕಾದರೆ ತಮಿಳು ಲಿಪಿಯಲ್ಲಿ ಬರೆಯುತ್ತಾನೆ. ಹೀಗಿರುವಾಗ ಯಾವ ಊರಿನಲ್ಲಿ ಎಷ್ಟು ಮನೆ, ಆ ಮನೆಯಲ್ಲಿ ಕನ್ನಡ ಮಾತಾಡುವವರು ಯಾರು, ಓದಬಲ್ಲವರು ಯಾರು, ಕಲಿಯಬೇಕೆಂದು ಕೇಳಿದ ಮಕ್ಕಳು ಯಾರು ಎಂಬ ವಿವರ ನಮ್ಮ ಪಟ್ಟಿ ಬಿಟ್ಟರೆ ಬೇರೆಲ್ಲೂ ಒಂದೇ ಕಡೆ ಇಲ್ಲ. ಇದನ್ನು ಮನೆ ಮನೆಗೆ ಹೋಗಿ ಬರೆಸಿಕೊಂಡದ್ದು. ಬರೆಸಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಮತ್ತೊಮ್ಮೆ ಹೋಗಿ ಅವರನ್ನು ಕೇಳಲಾಗದು.

ಆದ್ದರಿಂದ ಪರದೆ ಖಾಲಿ ಕಂಡಾಗ ಗಾಬರಿಯಾಗುವುದು ಸಹಜ. ಆದರೆ ಒಂದು ಮಾತು ನೆನಪಿಡಿ: ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹೆಚ್ಚಿನ ಸಂದರ್ಭಗಳಲ್ಲಿ ಹೆಸರುಗಳೆಲ್ಲ ಫೈಲಿನ ಒಳಗೇ ಇರುತ್ತವೆ. ನಷ್ಟವಾಗುವುದು ಗಾಬರಿಯಲ್ಲಿ ನಾವು ಮಾಡುವ ಮುಂದಿನ ಕೆಲಸದಿಂದ.

ಮೊದಲು ಮಾಡಬಾರದ್ದು

ಖಾಲಿ ಕಂಡ ಫೈಲಿನಲ್ಲಿ ಏನನ್ನೂ ಟೈಪ್ ಮಾಡಬೇಡಿ. ಸೇವ್ ಒತ್ತಬೇಡಿ. ಮುಚ್ಚುವಾಗ "ಬದಲಾವಣೆ ಉಳಿಸಬೇಕೇ" ಎಂದು ಕೇಳಿದರೆ "ಡೋಂಟ್ ಸೇವ್" ಎಂದೇ ಒತ್ತಿ. ಹಾಳೆ ಖಾಲಿ ಇದೆಯೆಂದು ಹೆಸರುಗಳನ್ನು ಮತ್ತೆ ಮೊದಲಿಂದ ತುಂಬಿಸಲು ಕೂತರೆ, ಅಡಗಿರುವ ಹಳೆಯ ಸಾಲುಗಳ ಮೇಲೆ ಹೊಸದು ಬಿದ್ದು ಎರಡೂ ಕೆಡಬಹುದು.

ನಂತರ ಫೈಲಿನ ಒಂದು ನಕಲು ಮಾಡಿ. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಕಾಪಿ, ಬೇರೆ ಫೋಲ್ಡರಿನಲ್ಲಿ ಪೇಸ್ಟ್. ಇನ್ನು ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ. ಮೂಲ ಪ್ರತಿ ಬೀರುವಿನಲ್ಲಿಟ್ಟ ಕಡತವಿದ್ದಂತೆ, ಅದನ್ನು ಮುಟ್ಟಬೇಡಿ. ಫೈಲ್ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನಲ್ಲಿದ್ದರೆ ಇನ್ನೂ ಎಚ್ಚರಿಕೆ ಬೇಕು. ಅಲ್ಲಿ ನೀವು ಸೇವ್ ಒತ್ತದಿದ್ದರೂ ಬದಲಾವಣೆ ತಾನಾಗಿಯೇ ಉಳಿಯುತ್ತದೆ.

ತೂಕ ನೋಡಿ

ಮೂಟೆಯಲ್ಲಿ ಅಕ್ಕಿ ಇದೆಯೇ ಇಲ್ಲವೇ ಎಂದು ತಿಳಿಯಲು ಬಿಚ್ಚಬೇಕಾಗಿಲ್ಲ, ಎತ್ತಿ ನೋಡಿದರೆ ಸಾಕು. ಫೈಲಿಗೂ ತೂಕವಿದೆ. ಬಲಗುಂಡಿ ಒತ್ತಿ "ಪ್ರಾಪರ್ಟೀಸ್" ನೋಡಿ. ಅಳತೆ 0 ಎಂದಿದ್ದರೆ ಆ ಪ್ರತಿ ನಿಜವಾಗಿಯೂ ಖಾಲಿ. ಡೌನ್‌ಲೋಡ್ ನಡುವೆಯೇ ನಿಂತಿರಬಹುದು. ಬೋಡಿಮೆಟ್ಟು ಕಡೆಯ ಏಲಕ್ಕಿ ತೋಟಗಳಲ್ಲಿರುವವರಿಗೆ ಸಿಗ್ನಲ್ ಹೋಗಿ ಬಂದು ಮಾಡುವಾಗ ಹೀಗಾಗುವುದುಂಟು. ಆ ಪ್ರತಿಯ ಆಸೆ ಬಿಟ್ಟು ಮತ್ತೊಮ್ಮೆ ಕಳಿಸಲು ಹೇಳಿ.

ಏನೂ ಬರೆಯದ ಒಂದು ಹೊಸ ಎಕ್ಸೆಲ್ ಫೈಲ್ ಸುಮಾರು 8ರಿಂದ 10 ಕೆಬಿ ಇರುತ್ತದೆ. ನಿಮ್ಮ ಫೈಲ್ ಅದಕ್ಕಿಂತ ಸಾಕಷ್ಟು ದೊಡ್ಡದಾಗಿದ್ದರೆ, ಉದಾಹರಣೆಗೆ 60 ಕೆಬಿ ಇದ್ದರೆ, ಒಳಗೆ ಸರಕು ಇದೆ ಎಂದೇ ಅರ್ಥ. ಸಮಾಧಾನದಿಂದ ಮುಂದುವರಿಯಿರಿ.

ಯಾವ ಬಗೆಯ ಖಾಲಿ?

"ಏನೂ ಕಾಣುವುದಿಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಮೂರು ಬಗೆ. ಒಂದು, ಗೆರೆಗಳೂ ಇಲ್ಲದೆ ಇಡೀ ಪರದೆ ಬೂದು ಬಣ್ಣ. ಎರಡು, ಚೌಕ ಗೆರೆಗಳು ಕಾಣುತ್ತವೆ, ಅಕ್ಷರ ಮಾತ್ರ ಇಲ್ಲ. ಮೂರು, ಏನೋ ಕಾಣುತ್ತದೆ, ಆದರೆ ಓದಲಾಗುವುದಿಲ್ಲ. ನನಗೆ ಫೋನ್ ಮಾಡುವ ಮೊದಲು ಇವುಗಳಲ್ಲಿ ನಿಮ್ಮದು ಯಾವುದೆಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೆನು ಹೆಸರುಗಳನ್ನು ಇಂಗ್ಲಿಷ್ ಮೆನುವಿನಲ್ಲಿ ಇರುವಂತೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.

ಮೊದಲ ಬಗೆ: ಪರದೆ ಪೂರ್ತಿ ಬೂದು

ಎಕ್ಸೆಲ್ ತೆರೆದಿದೆ, ಮೇಲೆ ಗುಂಡಿಗಳಿವೆ, ಕೆಳಗೆ ಗೋಡೆಯಂತೆ ಬೂದು ಬಣ್ಣ. ಇದಕ್ಕೆ ಸಾಮಾನ್ಯ ಕಾರಣಗಳನ್ನು ಸುಲಭವಾದ್ದರಿಂದ ಆರಂಭಿಸಿ ಹೇಳುತ್ತೇನೆ.

1. ಕಿಟಕಿ ಅಡಗಿದೆ. ಎಕ್ಸೆಲ್‌ನಲ್ಲಿ ಇಡೀ ಪುಸ್ತಕದ ಕಿಟಕಿಯನ್ನೇ ಅಡಗಿಸುವ "ಹೈಡ್" ಗುಂಡಿ ಇದೆ. ಅದನ್ನು ಯಾರಾದರೂ ಒತ್ತಿ, ಮುಚ್ಚುವಾಗ ಉಳಿಸಿದರೆ ಮುಂದಿನ ಬಾರಿ ಯಾರು ತೆರೆದರೂ ಅಡಗಿಯೇ ತೆರೆಯುತ್ತದೆ. ಮೇಲೆ "ವ್ಯೂ" ಒತ್ತಿ, ಅದರಲ್ಲಿ "ಅನ್‌ಹೈಡ್" ನೋಡಿ. ಅದು ಮಂಕಾಗಿಲ್ಲದೆ ಸ್ಪಷ್ಟವಾಗಿದ್ದರೆ ಒತ್ತಿ, ಬರುವ ಚೀಟಿಯಲ್ಲಿ ನಿಮ್ಮ ಫೈಲಿನ ಹೆಸರು ಆರಿಸಿ. ಮಂಕಾಗಿದ್ದರೆ ಅಡಗಿದ ಕಿಟಕಿ ಇಲ್ಲ, ಮುಂದಿನದಕ್ಕೆ ಹೋಗಿ.

2. ಎಕ್ಸೆಲ್ ಕರೆಗೆ ಓಗೊಡುತ್ತಿಲ್ಲ. ನಾವು ಫೈಲಿನ ಮೇಲೆ ಎರಡು ಸಲ ಒತ್ತಿದಾಗ ವಿಂಡೋಸ್ ಎಕ್ಸೆಲ್‌ಗೆ "ಈ ಫೈಲ್ ತೆರೆ" ಎಂದು ಸಂದೇಶ ಕಳಿಸುತ್ತದೆ. ಈ ಸಂದೇಶ ವ್ಯವಸ್ಥೆಗೆ ಡಿಡಿಇ ಎಂದು ಹೆಸರು. ಬೇರೆ ಪ್ರೋಗ್ರಾಂಗಳ ಡಿಡಿಇ ಸಂದೇಶವನ್ನು ಕಡೆಗಣಿಸು ಎಂಬ ಒಂದು ಆಯ್ಕೆ ಎಕ್ಸೆಲ್‌ನಲ್ಲಿದೆ. ಅದಕ್ಕೆ ಗುರುತು ಬಿದ್ದಿದ್ದರೆ ಎಕ್ಸೆಲ್ ಎದ್ದು ನಿಲ್ಲುತ್ತದೆ, ಫೈಲನ್ನು ಮಾತ್ರ ತರುವುದಿಲ್ಲ. ಠಪಾಲು ಬಂದಿದೆ, ಜವಾನ ಒಳಗೆ ತಂದುಕೊಟ್ಟಿಲ್ಲ ಎಂಬಂತೆ. ಪರೀಕ್ಷೆ ಸುಲಭ: ಮೊದಲು ಎಕ್ಸೆಲ್ ಅನ್ನು ಮಾತ್ರ ತೆರೆಯಿರಿ, ನಂತರ ಅದರೊಳಗಿನ "ಫೈಲ್", "ಓಪನ್" ಮೂಲಕ ಪಟ್ಟಿಯನ್ನು ತೆರೆಯಿರಿ. ಹೀಗೆ ತೆರೆದರೆ ಸರಿಯಾಗಿ ಕಂಡು, ಎರಡು ಸಲ ಒತ್ತಿದಾಗ ಮಾತ್ರ ಖಾಲಿ ಎಂದಾದರೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. "ಫೈಲ್", "ಆಪ್ಷನ್ಸ್", "ಅಡ್ವಾನ್ಸ್ಡ್" ಎಂದು ಹೋಗಿ, ಕೆಳಕ್ಕೆ ಜಾರಿಸಿ "ಜನರಲ್" ಭಾಗದಲ್ಲಿ ಡಿಡಿಇ ಹೆಸರಿರುವ ಸಾಲಿನ ಗುರುತು ತೆಗೆದು ಓಕೆ ಒತ್ತಿ.

3. ಕಿಟಕಿ ಪರದೆಯ ಹೊರಗಿದೆ. ಕಚೇರಿಯಲ್ಲೋ ಮಗನ ಮನೆಯಲ್ಲೋ ಎರಡು ಪರದೆ ಜೋಡಿಸಿದ ಲ್ಯಾಪ್‌ಟಾಪ್ ಬಳಸಿದವರಿಗೆ ಇದು ಆಗುತ್ತದೆ. ಈಗಿಲ್ಲದ ಎರಡನೇ ಪರದೆಯ ಮೇಲೆ ಕಿಟಕಿ ನಿಂತಿರುತ್ತದೆ. "ವ್ಯೂ"ನಲ್ಲಿ "ಅರೇಂಜ್ ಆಲ್" ಒತ್ತಿ ನೋಡಿ. ಇಲ್ಲವೇ ವಿಂಡೋಸ್ ಕೀಲಿಯನ್ನೂ ಮೇಲ್ಮುಖ ಬಾಣವನ್ನೂ ಒಟ್ಟಿಗೆ ಒತ್ತಿ.

4. ಜೊತೆಗಾರ ಪ್ರೋಗ್ರಾಂ ಅಡ್ಡಬಂದಿದೆ. ಎಕ್ಸೆಲ್‌ಗೆ ಸೇರಿಸಿಕೊಂಡ ಆಡ್-ಇನ್‌ಗಳಲ್ಲಿ ಒಂದು ಕೆಟ್ಟರೂ ಪರದೆ ಖಾಲಿ ಉಳಿಯಬಹುದು. ಕಂಟ್ರೋಲ್ ಕೀಲಿಯನ್ನು ಹಿಡಿದುಕೊಂಡೇ ಎಕ್ಸೆಲ್ ಚಿತ್ರದ ಮೇಲೆ ಒತ್ತಿದರೆ "ಸೇಫ್ ಮೋಡ್" ಬೇಕೇ ಎಂದು ಕೇಳುತ್ತದೆ. ಹೌದು ಎನ್ನಿ. ಅದರಲ್ಲಿ ಪಟ್ಟಿ ಕಂಡರೆ ದೋಷ ಆಡ್-ಇನ್‌ನದು, ಪಟ್ಟಿಯದಲ್ಲ. "ಆಪ್ಷನ್ಸ್"ನ ಒಳಗಿನ "ಆಡ್-ಇನ್ಸ್" ಭಾಗದಲ್ಲಿ ಒಂದೊಂದಾಗಿ ತೆಗೆದು ನೋಡಿ.

5. ಯಾವುದೂ ಆಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಪಟ್ಟಿಯಲ್ಲಿ ಆಫೀಸ್ ಅನ್ನು ಆರಿಸಿ "ಚೇಂಜ್" ಒತ್ತಿ "ಕ್ವಿಕ್ ರಿಪೇರ್" ಮಾಡಿಸಿ. ಇದರಿಂದ ನಿಮ್ಮ ಫೈಲ್‌ಗಳಿಗೆ ತೊಂದರೆಯಿಲ್ಲ.

ಎರಡನೇ ಬಗೆ: ಗೆರೆ ಇದೆ, ಅಕ್ಷರ ಇಲ್ಲ

ಇಲ್ಲಿ ಮೊದಲು ಒಂದು ಪರೀಕ್ಷೆ. ಹಾಳೆಯ ಎಡ ಮೇಲ್ಮೂಲೆಯಲ್ಲಿ, ಸಾಲು ಸಂಖ್ಯೆಗಳ ಮೇಲ್ಗಡೆ, ಈಗ ನಿಂತಿರುವ ಮನೆಯ ವಿಳಾಸ ತೋರಿಸುವ ಚಿಕ್ಕ ಪೆಟ್ಟಿಗೆ ಇದೆ. ಅದರಲ್ಲಿ ಇಂಗ್ಲಿಷಿನ ಎ ಅಕ್ಷರವನ್ನೂ 5 ಎಂಬ ಸಂಖ್ಯೆಯನ್ನೂ ಸೇರಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಈಗ ಪಕ್ಕದ ಉದ್ದ ಪಟ್ಟಿಯನ್ನು, ಅಂದರೆ ಫಾರ್ಮುಲಾ ಬಾರ್ ಅನ್ನು ನೋಡಿ. ಅಲ್ಲಿ ಒಂದು ಹೆಸರು ಕಂಡರೆ ಮಾಹಿತಿ ಇದೆ, ಕಣ್ಣಿಗೆ ಮಾತ್ರ ಬೀಳುತ್ತಿಲ್ಲ. ಸಾಲು ಅಡಗಿದ್ದರೂ ಈ ಪರೀಕ್ಷೆ ನಡೆಯುತ್ತದೆ. ನಂತರ ಕಾರಣ ಹುಡುಕಿ.

ಬೇರೆಲ್ಲೋ ನಿಂತಿದ್ದೇವೆ. ಈಗಿನ ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳಿವೆ. ಕೊನೆಯ ಸಲ ಮುಚ್ಚಿದವರು ಎರಡು ಸಾವಿರದ ಸಾಲಿನಲ್ಲಿ ನಿಂತು ಉಳಿಸಿದ್ದರೆ, ತೆರೆಯುವವರೂ ಅಲ್ಲೇ ನಿಲ್ಲುತ್ತಾರೆ, ಸುತ್ತ ಬಯಲು. ಕಂಟ್ರೋಲ್ ಮತ್ತು ಹೋಮ್ ಕೀಲಿ ಒಟ್ಟಿಗೆ ಒತ್ತಿದರೆ ಆರಂಭಕ್ಕೆ ಬರುತ್ತೀರಿ. ಜಾರಿಸಿದರೂ ಹಾಳೆ ಚಲಿಸದಿದ್ದರೆ "ವ್ಯೂ", "ಫ್ರೀಜ್ ಪೇನ್ಸ್", "ಅನ್‌ಫ್ರೀಜ್" ಮಾಡಿ.

ಬೇರೆ ಹಾಳೆ ತೆರೆದಿದೆ. ಕೆಳಗಿನ ಹಾಳೆ ಹೆಸರುಗಳನ್ನು ನೋಡಿ. ನಮ್ಮ ಪಟ್ಟಿಯಲ್ಲಿ ಊರಿಗೊಂದು ಹಾಳೆ. ಹೆಸರು ಬದಲಿಸದ ಒಂದು ಖಾಲಿ ಹಾಳೆ ಮೊದಲಿಗೆ ತೆರೆದುಕೊಂಡಿರಬಹುದು. ನಿಮ್ಮ ಊರಿನ ಹಾಳೆಯೇ ಇಲ್ಲದಿದ್ದರೆ ಯಾವುದಾದರೂ ಹಾಳೆಯ ಹೆಸರಿನ ಮೇಲೆ ಬಲಗುಂಡಿ ಒತ್ತಿ "ಅನ್‌ಹೈಡ್" ನೋಡಿ.

ಸಾಲುಗಳು ಅಡಗಿವೆ. ಎಡಬದಿಯ ಸಂಖ್ಯೆಗಳನ್ನು ಓದಿ. 1 ಆದಮೇಲೆ ಒಮ್ಮೆಲೇ 313 ಬಂದರೆ ನಡುವಿನ 311 ಸಾಲುಗಳು ಅಡಗಿವೆ. ಸಾಲು ಸಂಖ್ಯೆಯೂ ಕಾಲಂ ಅಕ್ಷರವೂ ಸೇರುವ ಮೂಲೆಯ ತ್ರಿಕೋನ ಒತ್ತಿದರೆ ಇಡೀ ಹಾಳೆ ಆಯ್ಕೆಯಾಗುತ್ತದೆ. ನಂತರ ಯಾವುದೇ ಸಾಲು ಸಂಖ್ಯೆಯ ಮೇಲೆ ಬಲಗುಂಡಿ, "ಅನ್‌ಹೈಡ್". ಕಾಲಂಗಳಿಗೂ ಹಾಗೆಯೇ.

ಅಕ್ಷರದ ಬಣ್ಣ ಬಿಳಿ. ಮುದ್ರಣದಲ್ಲಿ ಬೇಡವೆಂದು ಯಾರೋ ಬಿಳಿ ಬಣ್ಣ ಕೊಟ್ಟಿರುತ್ತಾರೆ. ಹಾಳೆ ಪೂರ್ತಿ ಆಯ್ದು ಅಕ್ಷರದ ಬಣ್ಣವನ್ನು "ಆಟೊಮ್ಯಾಟಿಕ್" ಮಾಡಿ. ಆಗಲೂ ಕಾಣದಿದ್ದರೆ "ಹೋಮ್"ನಲ್ಲಿ ಸಂಖ್ಯೆಯ ರೂಪವನ್ನು "ಜನರಲ್" ಎಂದು ಬದಲಿಸಿ. ಮೂರು ಅರ್ಧವಿರಾಮ ಚಿಹ್ನೆ ಹಾಕಿ ಮನೆಯ ಬರಹವನ್ನು ಕಾಣದಂತೆ ಮಾಡುವ ಒಂದು ಉಪಾಯವಿದೆ, ಅದು ಇದರಿಂದ ಹೋಗುತ್ತದೆ.

ಫಿಲ್ಟರ್ ಬಿಟ್ಟುಹೋಗಿದೆ. ನಮ್ಮಲ್ಲಿ ಬಂದ ಕರೆಗಳಲ್ಲಿ ಅತಿ ಹೆಚ್ಚು ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫಿಲ್ಟರ್ ಮತ್ತು ನಮ್ಮ ಊರ ಹೆಸರುಗಳು

ಫಿಲ್ಟರ್ ಎಂದರೆ ಜರಡಿ. ಊರು ಬೋಡಿ, ತರಗತಿ 10 ಎಂದು ಆರಿಸಿದರೆ ಆ ಎರಡೂ ಹೊಂದುವ ಸಾಲುಗಳು ಮಾತ್ರ ನಿಲ್ಲುತ್ತವೆ. ಹೊಂದುವವರು ಯಾರೂ ಇಲ್ಲದಿದ್ದರೆ ತಲೆಬರಹದ ಕೆಳಗೆ ಬಯಲು. ಜರಡಿ ತೆಗೆಯದೆ ಉಳಿಸಿ ಕಳಿಸಿದರೆ ಪಡೆದವರಿಗೂ ಬಯಲೇ. ಗುರುತು ಹೀಗೆ: ಸಾಲು ಸಂಖ್ಯೆಗಳು ನೀಲಿ ಬಣ್ಣದಲ್ಲಿರುತ್ತವೆ, ತಲೆಬರಹದ ಬಾಣದ ಜಾಗದಲ್ಲಿ ಲಾಳಿಕೆಯ ಚಿಕ್ಕ ಚಿತ್ರವಿರುತ್ತದೆ. "ಡೇಟಾ" ಒತ್ತಿ "ಕ್ಲಿಯರ್" ಒತ್ತಿದರೆ ಎಲ್ಲ ಸಾಲುಗಳೂ ಮರಳುತ್ತವೆ.

ನಮ್ಮ ಪಟ್ಟಿಗೆ ಇದರಲ್ಲಿ ಒಂದು ವಿಶೇಷ ತೊಂದರೆಯಿದೆ. ಒಂದೇ ಊರನ್ನು ನಾವು ನಾಲ್ಕು ರೀತಿ ಬರೆದಿದ್ದೇವೆ. ಕಂಬಂ, ಕಂಬಮ್, ಕುಂಬಂ. ಇಂಗ್ಲಿಷಿನಲ್ಲಿ ಒಬ್ಬರು ಸಿ ಇಂದ ಆರಂಭಿಸುತ್ತಾರೆ, ಇನ್ನೊಬ್ಬರು ಕೆ ಇಂದ. ತೇನಿ, ಥೇಣಿ. ದಿಂಡಿಗಲ್, ದಿಂಡುಕ್ಕಲ್. ಕೆಲವು ಹಾಳೆಗಳಲ್ಲಿ ತಮಿಳು ಲಿಪಿಯಲ್ಲೇ ಇದೆ. ನಮಗೆ ಇವೆಲ್ಲ ಒಂದೇ ಊರು. ಕಂಪ್ಯೂಟರಿಗೆ ಒಂದೊಂದೂ ಬೇರೆ ಊರು.

ಜಿಲ್ಲೆಯ ಕಾಲಂ ಇನ್ನೂ ಕಷ್ಟ. ದಿಂಡಿಗಲ್ ಜಿಲ್ಲೆ ಮದುರೆಯಿಂದ ಬೇರೆಯಾದದ್ದು 1985ರಲ್ಲಿ, ತೇನಿ ಬೇರೆಯಾದದ್ದು 1996ರಲ್ಲಿ. ಹಿರಿಯರ ಹಳೆಯ ದಾಖಲೆಗಳಲ್ಲಿ ಉತ್ತಮಪಾಳ್ಯವೂ ಮದುರೆ ಜಿಲ್ಲೆ, ಚಿನ್ನಾಳಪಟ್ಟಿಯೂ ಮದುರೆ ಜಿಲ್ಲೆ. ಅದನ್ನು ನೋಡಿ ತುಂಬಿಸಿದ ಹಾಳೆಯಲ್ಲಿ "ತೇನಿ ಜಿಲ್ಲೆ" ಎಂದು ಜರಡಿ ಹಾಕಿದರೆ ಕಣಿವೆಯ ಹಿರಿಯರೇ ಜಾರಿಹೋಗುತ್ತಾರೆ. ಒಂದು ಊರಿನಲ್ಲಿ ಹಿರಿಯರ ಸನ್ಮಾನಕ್ಕೆ ಹೆಸರು ತೆಗೆಯುವಾಗ 75 ದಾಟಿದವರು ಯಾರೂ ಇಲ್ಲ ಎಂದು ಪಟ್ಟಿ ತೋರಿಸಿತು. ಎಲ್ಲರೂ ಇದ್ದರು. ಮದುರೆ ಎಂಬ ಹೆಸರಿನ ಅಡಿಯಲ್ಲಿದ್ದರು.

ಇದಕ್ಕೆ ಪರಿಹಾರ: ಊರು, ಜಿಲ್ಲೆ ಎರಡೂ ಕಾಲಂಗಳಲ್ಲಿ ಕೈಯಿಂದ ಟೈಪ್ ಮಾಡುವುದನ್ನು ನಿಲ್ಲಿಸೋಣ. "ಡೇಟಾ"ದ ಒಳಗೆ "ಡೇಟಾ ವ್ಯಾಲಿಡೇಷನ್" ಎಂಬುದರಲ್ಲಿ ಊರುಗಳ ಹೆಸರು ಒಮ್ಮೆ ಕೊಟ್ಟರೆ, ಆಮೇಲೆ ತುಂಬಿಸುವವರು ಬಾಣ ಒತ್ತಿ ಆರಿಸಿದರೆ ಸಾಕು. ಹುಟ್ಟಿದ ಜಿಲ್ಲೆ ಮತ್ತು ಈಗಿನ ಜಿಲ್ಲೆ ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ಮೂರನೇ ಬಗೆ: ಕಾಣುತ್ತದೆ, ಓದಲಾಗುವುದಿಲ್ಲ

ಇದು ಲಿಪಿಯ ತೊಂದರೆ. ಹಳೆಯ ಪಟ್ಟಿಗಳನ್ನು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಲಾಗಿದೆ. ಆ ವ್ಯವಸ್ಥೆಯಲ್ಲಿ ಫೈಲಿನೊಳಗೆ ಇರುವುದು ನಿಜವಾಗಿ ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ತಮಿಳಿನಲ್ಲೂ ಬಾಮಿನಿಯಂಥ ಹಳೆಯ ಫಾಂಟ್‌ಗಳಿಗೆ ಇದೇ ಕಥೆ. ನಮ್ಮ ಕೆಲವು ಫೈಲ್‌ಗಳಲ್ಲಿ ಎರಡೂ ಸೇರಿವೆ. ಕನ್ನಡದ ಕಾಲಂ ಒಂದು ವೇಷ, ತಮಿಳಿನ ಕಾಲಂ ಇನ್ನೊಂದು ವೇಷ. ಅಂಥ ಫೈಲನ್ನು ಹಾಳಾಗಿದೆ ಎಂದು ಅಳಿಸಬೇಡಿ. ಮೊದಲಿನ ಫಾಂಟ್ ಹಾಕಿಕೊಂಡರೆ ಮತ್ತೆ ಓದಬಹುದು, ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಲೂಬಹುದು. ಯೂನಿಕೋಡ್‌ನಲ್ಲಿ ಕನ್ನಡಕ್ಕೂ ತಮಿಳಿಗೂ ಅವುಗಳದೇ ಸ್ಥಾನವಿದೆ, ವೇಷ ಬೇಕಿಲ್ಲ. ಇನ್ನು ಮುಂದೆ ಎಲ್ಲರೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಎಂದು ವಿನಂತಿ.

ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಹಾಳೆಯ ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾ ಎಂದು ಬದಲಿಸಿ. ಬರಹ ಯೂನಿಕೋಡ್‌ನಲ್ಲಿದ್ದರೆ ಸರಿಯಾಗುತ್ತದೆ. ನಿರ್ಮಲಾ ಫಾಂಟ್‌ನಲ್ಲಿ ತಮಿಳೂ ಇದೆ, ಆದ್ದರಿಂದ ನಮಗೆ ಅದೇ ಅನುಕೂಲ.

ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಮಾತ್ರ ಎಚ್ಚರ. ಕನ್ನಡವಿರುವ ಹಾಳೆಯನ್ನು ಸಾಧಾರಣ ಸಿಎಸ್‌ವಿ ರೂಪದಲ್ಲಿ ಉಳಿಸಿದಾಗ ಅಕ್ಷರಗಳು ನಿಜವಾಗಿಯೇ ಪ್ರಶ್ನೆ ಚಿಹ್ನೆಗಳಾಗಿ ಬದಲಾಗಬಹುದು. ಆ ಪ್ರತಿಯಿಂದ ಹೆಸರು ಮರಳಿ ಬರುವುದಿಲ್ಲ, ಮೂಲ ಪ್ರತಿಯನ್ನೇ ಹುಡುಕಬೇಕು. ಸಿಎಸ್‌ವಿ ಬೇಕೇ ಬೇಕಾದರೆ ಉಳಿಸುವಾಗ "ಸಿಎಸ್‌ವಿ ಯುಟಿಎಫ್-8" ಎಂಬುದನ್ನು ಆರಿಸಿ. ಅಂಥ ಫೈಲ್ ತೆರೆದಾಗ ವಿಚಿತ್ರ ಚಿಹ್ನೆ ಕಂಡರೆ ನೇರವಾಗಿ ತೆರೆಯದೆ "ಡೇಟಾ"ದಲ್ಲಿ "ಫ್ರಂ ಟೆಕ್ಸ್ಟ್ ಅಥವಾ ಸಿಎಸ್‌ವಿ" ಮೂಲಕ ತಂದು, ಮೂಲ ಸಂಕೇತ 65001 ಯುಟಿಎಫ್-8 ಎಂದು ಹೇಳಿ.

ಮೊಬೈಲಿನಲ್ಲಿ ನೋಡುವವರಿಗೆ

ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನು ಮುನ್ನೋಟದಲ್ಲೇ ನೋಡಿ "ಏನೂ ಇಲ್ಲ" ಎಂದು ತೀರ್ಮಾನಿಸಬೇಡಿ. ಮುನ್ನೋಟದಲ್ಲಿ ಎಲ್ಲ ಹಾಳೆಗಳೂ ಕಾಣುವುದಿಲ್ಲ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಆಪ್‌ನಲ್ಲಿ ತೆರೆದು, ಕೆಳಗಿನ ಹಾಳೆ ಹೆಸರುಗಳನ್ನು ಬೆರಳಿನಿಂದ ಸರಿಸಿ ನೋಡಿ. ಗೊತ್ತಿಲ್ಲದ ಸಂಖ್ಯೆಯಿಂದ ಬಂದ ಎಕ್ಸೆಲ್ ಫೈಲ್ ಖಾಲಿ ಕಂಡು, ನೋಡಲು "ಎನೇಬಲ್ ಕಂಟೆಂಟ್" ಒತ್ತಿ ಎಂದು ಕೇಳಿದರೆ ಖಂಡಿತ ಒತ್ತಬೇಡಿ. ವಂಚಕರು ಬಳಸುವ ದಾರಿ ಅದು. ನಮ್ಮ ಪಟ್ಟಿಗಳಿಗೆ ಆ ಗುಂಡಿಯ ಅಗತ್ಯವಿಲ್ಲ.

ನಿಜವಾಗಿಯೂ ಹೋಗಿದ್ದರೆ

ಖಾಲಿ ಮಾಡಿ ಉಳಿಸಿಬಿಟ್ಟಿದ್ದರೂ ದಾರಿಯಿದೆ. ಗೂಗಲ್ ಶೀಟ್ಸ್‌ನಲ್ಲಿ "ಫೈಲ್", "ವರ್ಷನ್ ಹಿಸ್ಟರಿ" ತೆರೆದು ಹಿಂದಿನ ದಿನಾಂಕದ ಪ್ರತಿಗೆ ಮರಳಬಹುದು. ಒನ್‌ಡ್ರೈವ್‌ನಲ್ಲೂ ಹಾಗೆಯೇ. ಫೈಲ್ ಕೆಟ್ಟಿದೆ ಎಂಬ ಸಂಶಯವಿದ್ದರೆ ಎಕ್ಸೆಲ್‌ನ "ಓಪನ್" ಚೀಟಿಯಲ್ಲಿ ಓಪನ್ ಗುಂಡಿಯ ಪಕ್ಕದ ಬಾಣ ಒತ್ತಿ "ಓಪನ್ ಆ್ಯಂಡ್ ರಿಪೇರ್" ಆರಿಸಿ.

ಕೊನೆಯ ಉಪಾಯ ಒಂದಿದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಕೊನೆಗೊಳ್ಳುವ ಫೈಲ್ ನಿಜದಲ್ಲಿ ಒಂದು ಜಿಪ್ ಗಂಟು. ನಕಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಫೋಲ್ಡರುಗಳು ಸಿಗುತ್ತವೆ. ಅದರಲ್ಲಿ "ಶೇರ್ಡ್ ಸ್ಟ್ರಿಂಗ್ಸ್" ಎಂಬ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ, ಹಾಳೆಯಲ್ಲಿ ಟೈಪ್ ಮಾಡಿದ ಹೆಸರುಗಳು ಸಾಲಾಗಿ ಕಾಣಬಹುದು. ಕ್ರಮವಿರುವುದಿಲ್ಲ, ಆದರೆ ಹೆಸರುಗಳಾದರೂ ಉಳಿಯುತ್ತವೆ.

ಅಡಗಿದ್ದು ಹೊರಗೂ ಬರುತ್ತದೆ

ಇಷ್ಟು ಹೊತ್ತು ಅಡಗಿದ್ದು ಹೋಗಿಲ್ಲ ಎಂಬುದು ಸಮಾಧಾನದ ಮಾತಾಗಿತ್ತು. ಅದೇ ಮಾತು ಎಚ್ಚರಿಕೆಯದೂ ಹೌದು.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾದಾಗ ಅದರ ವ್ಯವಹಾರದ ಒಂದು ಭಾಗವನ್ನು ಬಾರ್‌ಕ್ಲೇಸ್ ಬ್ಯಾಂಕು ಕೊಂಡಿತು. ಯಾವ ಒಪ್ಪಂದಗಳು ಬೇಕು ಎಂಬ ಎಕ್ಸೆಲ್ ಪಟ್ಟಿಯಲ್ಲಿ ಬೇಡದ 179 ಒಪ್ಪಂದಗಳ ಸಾಲುಗಳನ್ನು ಅಳಿಸದೆ ಅಡಗಿಸಿದ್ದರು. ಪಿಡಿಎಫ್ ಮಾಡಿ ನ್ಯಾಯಾಲಯಕ್ಕೆ ಕೊಡುವಾಗ ಅವೂ ಹೊರಬಂದವು. ಸರಿಪಡಿಸಲು ಮತ್ತೆ ನ್ಯಾಯಾಲಯದ ಮುಂದೆ ಹೋಗಬೇಕಾಯಿತು. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಎಕ್ಸೆಲ್ ಫೈಲ್ ಕೊಟ್ಟಿತು. ಅದರಲ್ಲಿ ಅಡಗಿದ್ದ ಒಂದು ಹಾಳೆಯಲ್ಲಿ ಇಲಾಖೆಯ 9,483 ಮಂದಿಯ ಹೆಸರು, ಹುದ್ದೆ, ಕೆಲಸದ ಸ್ಥಳ ಇತ್ತು. ಪ್ರಾಣಭಯವಿರುವ ನಾಡಿನಲ್ಲಿ ಪೊಲೀಸರ ವಿವರ ಬಯಲಾಯಿತು. ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಬಿತ್ತು.

ಇದಕ್ಕೆ ತದ್ವಿರುದ್ಧದ ಪ್ರಸಂಗವೂ ಇದೆ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಕೊರೋನಾ ಲೆಕ್ಕದಲ್ಲಿ 15,841 ಪ್ರಕರಣಗಳು ಬಿಟ್ಟುಹೋದವು. ಹಳೆಯ ಎಕ್ಸ್‌ಎಲ್‌ಎಸ್ ರೂಪದ ಹಾಳೆಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚಾದದ್ದು ಒಳಗೆ ಬರಲೇ ಇಲ್ಲ. ಹಾಳೆ ತುಂಬಿ ಕಾಣುತ್ತಿದ್ದುದರಿಂದ ಕೂಡಲೇ ಯಾರಿಗೂ ಸಂಶಯ ಬರಲಿಲ್ಲ. ಖಾಲಿ ಕಂಡದ್ದು ತುಂಬಿರಬಹುದು, ತುಂಬಿ ಕಂಡದ್ದು ಕೊರತೆಯಲ್ಲಿರಬಹುದು. ಎಣಿಸಿದರೆ ಮಾತ್ರ ತಿಳಿಯುತ್ತದೆ.

ನಮ್ಮ ಪಟ್ಟಿಯಲ್ಲಿ ಫೋನ್ ಸಂಖ್ಯೆಗಳಿವೆ. ಮಕ್ಕಳ ಶುಲ್ಕ ಸಹಾಯದ ಹಾಳೆಯಲ್ಲಿ ಬ್ಯಾಂಕ್ ಖಾತೆಯ ವಿವರವೂ ಇದೆ. ಯಾರಿಗೆ ಸಹಾಯ ಬೇಕಾಯಿತು ಎಂಬುದು ಊರಿಗೆಲ್ಲ ತಿಳಿಯಬೇಕಾದ ವಿಷಯವಲ್ಲ. ಕಾಲಂ ಅಡಗಿಸಿ ಗುಂಪಿಗೆ ಕಳಿಸಿದರೆ, ಮೇಲೆ ಹೇಳಿದ ಉಪಾಯಗಳಿಂದಲೇ ಯಾರು ಬೇಕಾದರೂ ಅದನ್ನು ತೆರೆಯಬಹುದು. ಆದ್ದರಿಂದ ಹಂಚುವಾಗ ಬೇಕಾದ ಕಾಲಂಗಳನ್ನು ಮಾತ್ರ ಹೊಸ ಫೈಲಿಗೆ ನಕಲಿಸಿ ಕಳಿಸಿ. ಹಾಗೂ "ಫೈಲ್", "ಇನ್ಫೊ", "ಇನ್ಸ್‌ಪೆಕ್ಟ್ ಡಾಕ್ಯುಮೆಂಟ್" ಒತ್ತಿದರೆ ಅಡಗಿದ ಹಾಳೆ, ಸಾಲು, ಕಾಲಂ ಇವೆಯೇ ಎಂದು ಎಕ್ಸೆಲ್ ತಾನೇ ಹೇಳುತ್ತದೆ.

ಊರು ಪ್ರತಿನಿಧಿಗಳಲ್ಲಿ ವಿನಂತಿ

1. ಫೈಲಿನ ಹೆಸರಿನಲ್ಲಿ ಊರು ಮತ್ತು ದಿನಾಂಕ ಇರಲಿ. "ಹೊಸದು", "ಕೊನೆಯದು", "ಕೊನೆಯ ಹೊಸದು" ಎಂಬ ಹೆಸರುಗಳು ಬೇಡ.

2. ಕಳಿಸುವ ಮೊದಲು ಫಿಲ್ಟರ್ ತೆಗೆದು, ಕಂಟ್ರೋಲ್ ಮತ್ತು ಹೋಮ್ ಒತ್ತಿ, ಆಮೇಲೆ ಉಳಿಸಿ.

3. ಸಂದೇಶದಲ್ಲಿ ಎಷ್ಟು ಮನೆ ಎಂಬ ಸಂಖ್ಯೆ ಬರೆಯಿರಿ. "ಗೂಡಲೂರು, 46 ಮನೆ" ಎಂಬಂತೆ. ಪಡೆದವರು ಎಣಿಸಿ ತಾಳೆ ನೋಡಲಿ. ಹಿಂದೆ ಕಚೇರಿಯಲ್ಲಿ ಲಗತ್ತು ಎಷ್ಟು ಪುಟ ಎಂದು ಬರೆಯುತ್ತಿದ್ದೆವಲ್ಲ, ಅದೇ ಕ್ರಮ.

4. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಪ್ರತಿ ಡ್ರೈವ್‌ನಲ್ಲಿ ಇರಲಿ. ಆರು ತಿಂಗಳಿಗೊಮ್ಮೆ ಕಾಗದದಲ್ಲಿ ಮುದ್ರಿಸಿ ಊರಿನ ಒಬ್ಬ ಹಿರಿಯರ ಮನೆಯಲ್ಲಿಡಿ. ಕಾಗದಕ್ಕೆ ಫಿಲ್ಟರ್ ಇಲ್ಲ.

ಕೊನೆಯದಾಗಿ, ಈ ಕೆಲಸವನ್ನು ನಮ್ಮ ಪೈಕಿ ಎಳೆಯರು ಕೈಗೆತ್ತಿಕೊಳ್ಳಬೇಕು. ಕಾಲೇಜಿಗೆ ಹೋಗುವ ಮಕ್ಕಳಿಗೆ ಎಕ್ಸೆಲ್ ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ಹಿರಿಯರಿಗೆ ಯಾರ ಮನೆ ಎಲ್ಲಿ, ಯಾವ ಹೆಸರು ಸರಿ ಎಂದು ಗೊತ್ತು, ಎಕ್ಸೆಲ್ ಬರುವುದಿಲ್ಲ. ಇಬ್ಬರೂ ಒಂದು ಮಧ್ಯಾಹ್ನ ಜೊತೆಯಲ್ಲಿ ಕೂತು ತಮ್ಮ ಊರಿನ ಹಾಳೆಯನ್ನು ತಿದ್ದಿದರೆ ಪಟ್ಟಿಯೂ ಸರಿಯಾಗುತ್ತದೆ, ಮಗುವಿಗೆ ನಾಲ್ಕು ಕನ್ನಡ ಅಕ್ಷರವೂ ಬರುತ್ತದೆ. ಮುಂದಿನ ಸಭೆಗೆ ಬರುವಾಗ ತೆರೆಯದ, ಕಾಣದ, ಓದಲಾಗದ ಫೈಲ್‌ಗಳಿದ್ದರೆ ಪೆನ್‌ಡ್ರೈವ್‌ನಲ್ಲಿ ತನ್ನಿ. ಸಭೆ ಮುಗಿದ ಮೇಲೆ ಕೂತು ನೋಡೋಣ. ಅಲ್ಲಿಯವರೆಗೆ ಯಾವುದನ್ನೂ ಅಳಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ